ಎರಡನೇ ಡಿಸ್ಕ್

ರಾಮ್ ಗೋಪಾಲ್ ವರ್ಮಾರ ಹಿಂದಿ ಚಿತ್ರ ‘ಜಂಗಲ್’ ತೆರೆಕಂಡದ್ದು 2000ದ ಜುಲೈ 14ರಂದು. ಕಾಡು ನೋಡಲು ಹೋದವರನ್ನು ಡಕಾಯಿತನೊಬ್ಬ ಒತ್ತೆಯಿಟ್ಟುಕೊಳ್ಳುವ ಕತೆ. ಹದಿನಾರೇ ದಿನ, ಜುಲೈ 30ರ ರಾತ್ರಿ ತಮಿಳುನಾಡಿನ ಗಾಜನೂರಿನ ಮನೆಯಿಂದ ನಮ್ಮ ಡಾ. ರಾಜ್‌ಕುಮಾರರನ್ನು ವೀರಪ್ಪನ್ ಕಾಡಿಗೆ ಒಯ್ದ.

ಆಗ ನಾನು ಬ್ಯಾಂಕಿನಲ್ಲಿ ಗುಮಾಸ್ತ. ಬೈಕುಲ್ಲಾ ಸ್ಟೇಷನ್ ಹತ್ತಿರದ ಚಾಳಿನ ಒಂದೇ ಕೋಣೆಯಲ್ಲಿ ನಾನು, ಹೆಂಡತಿ, ಅಮ್ಮ. ಊರಿಗೆ ಎಸ್‌ಟಿಡಿ ಮಾಡಿದರೆ ಕ್ಷೇಮಸಮಾಚಾರಕ್ಕೂ ಮೊದಲು ಅಣ್ಣಾವ್ರ ಸುದ್ದಿ. ಸೆಪ್ಟೆಂಬರಿನ ಒಂದು ಭಾನುವಾರ, ಯಾವ ಬುದ್ಧಿಯೋ, ಈ ಚಿತ್ರದ ವಿಸಿಡಿ ಬಾಡಿಗೆಗೆ ತಂದೆ. ಎರಡು ಡಿಸ್ಕ್. ಸಂದೀಪ್ ಚೌಟರ (ತುಳು ಲೇಖಕ ಡಿ. ಕೆ. ಚೌಟರ ಮಗ!) ಹಿನ್ನೆಲೆ ಸಂಗೀತಕ್ಕೇ ಮೈ ಜುಮ್ಮೆನ್ನುತ್ತಿತ್ತು. ಒತ್ತೆಯಾಳುಗಳನ್ನು ಕಾಡಿನಲ್ಲಿ ನಡೆಸುವಾಗ ಅಮ್ಮ, “ಬಂದ್ ಮಾಡು ಮಗಾ. ಈ ವಯಸ್ಸಲ್ಲಿ ಅವರು ಹೇಗೆ ನಡೀತಾರೋ, ಏನು ಉಣ್ತಾರೋ” ಅಂದಳು.

ಅಣ್ಣಾವ್ರಿಗೆ ಆಗ 71. “1973ರ ‘ಗಂಧದ ಗುಡಿ’ಯಲ್ಲಿ ಅರಣ್ಯಾಧಿಕಾರಿಯಾಗಿ ಕಾಡನ್ನೇ ಕಾಪಾಡಿದವರಮ್ಮ” ಎಂದೆ.

“ಅದು ಸಿನಿಮಾ ಮಾರಾಯ.”

ಎರಡನೇ ಡಿಸ್ಕ್ ಹಾಕದೆಯೇ ವಾಪಸು ಕೊಟ್ಟೆ. ಆಫೀಸಿನ ಮರಾಠಿ ಗೆಳೆಯರು ಕ್ಲೈಮ್ಯಾಕ್ಸ್ ಹೇಳಹೊರಟರೆ ಎದ್ದು ಚಹಾಕ್ಕೆ ಹೋಗುತ್ತಿದ್ದೆ.

108 ದಿನಗಳಾದ ಮೇಲೆ, ನವೆಂಬರ್ 15ರಂದು ಅಣ್ಣಾವ್ರ ಬಿಡುಗಡೆಯಾಯಿತು. ಆ ವಾರದ ರಜೆಗೆ ಅದೇ ಅಂಗಡಿಗೆ ಹೋಗಿ ಎರಡನೇ ಡಿಸ್ಕ್ ಮಾತ್ರ ಸಾಕೆಂದೆ. ಅಂಗಡಿಯವನು ನಕ್ಕ, ಬಾಡಿಗೆ ಮಾತ್ರ ಎರಡರದ್ದೂ ಹಿಡಿದ. ಅಮ್ಮ ಅಕ್ಕಿ ಆರಿಸುತ್ತಾ ಕೊನೆಯವರೆಗೂ ಕೂತಿದ್ದಳು.