ಓಡಬೇಡಿ ಸಾರ್!

ಲಾಲ್‌ಬಾಗಿನಲ್ಲಿ ಬೆಳಗ್ಗೆ ಓಡುವವರಿಗಿಂತ ಸಲಹೆ ಕೊಡುವವರೇ ಜಾಸ್ತಿ. ನನಗೆ ಏಟ್ರಿಯಲ್ ಫಿಬ್ರಿಲೇಷನ್ ಇದೆ ಎಂಬ ಸುದ್ದಿ ಅದು ಹೇಗೋ ಅಲ್ಲಿನ ಕಲ್ಲುಬೆಂಚುಗಳಿಗೆಲ್ಲ ತಲುಪಿಬಿಟ್ಟಿದೆ. "ಹಾರ್ಟ್ ಪೇಷಂಟು, ಇನ್ನೂ ಓಡ್ತೀರಲ್ಲ ಸಾರ್! ಮನೇಲಿ ಏನೂ ಅನ್ನಲ್ವಾ?" ಎನ್ನುವವರ ಕೈಯಲ್ಲಿ ಬೋಂಡದ ಪೊಟ್ಟಣ. ಇನ್ನೊಬ್ಬರದು ಬೇರೆಯೇ ಪಂಥ: "ಓಡೋರಿಗೆ ಹಾರ್ಟ್ ಪ್ರಾಬ್ಲಂ ಬರೋದೇ ಇಲ್ಲ, ಡಾಕ್ಟ್ರು ಸುಮ್ನೆ ಹೆದರಿಸ್ತಾರೆ."

ಈ ಕಾಯಿಲೆಯಲ್ಲಿ ಹೃದಯದ ಮೇಲಿನ ಕೋಣೆಗಳು ಒಟ್ಟಾಗಿ ಮಿಡಿಯುವುದನ್ನು ಬಿಟ್ಟು ಸುಮ್ಮನೆ ಅದುರುತ್ತವೆ. ಮಣಿಕಟ್ಟಿಗೆ ಬೆರಳಿಟ್ಟರೆ ಎರಡು ಬಡಿತ ಅವಸರದವು, ಒಂದು ತಡವಾದದ್ದು, ಮತ್ತೊಂದು ಇದ್ದೂ ಇಲ್ಲದಂಥದ್ದು. ಸಂತೆಗೆ ಹೊರಟ ಜನ ನಡೆದ ಹಾಗೆ.

ಇಂಥ ನಾಡಿಯನ್ನು ಕಾಗದಕ್ಕಿಳಿಸಿದವರು ಹಾಲೆಂಡಿನ ವಿಲೆಮ್ ಐಂತೋವನ್. ಅವರ ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಮಂದಿ ಬೇಕು. ಲೈಡನ್ನಿನ ಪ್ರಯೋಗಾಲಯದಿಂದ ಅದನ್ನು ಅಲ್ಲಾಡಿಸುವ ಮಾತೇ ಇಲ್ಲ. ಹಾಗಾಗಿ ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿ ರೋಗಿಯ ಕೈಕಾಲುಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ಟೆಲಿಫೋನ್ ತಂತಿಯಲ್ಲಿ ಬಡಿತವನ್ನು ತರಿಸಿಕೊಂಡರು! 1905ರ ಮಾರ್ಚ್‌ನಲ್ಲಿ ಹೀಗೆ ಬಂದ ಮೊದಲ ದಾಖಲೆ ಒಬ್ಬ ಗಟ್ಟಿಮುಟ್ಟಾದ ಆಸಾಮಿಯದು. ಅದರಲ್ಲಿ ಒಂದು ಗೆರೆ ವಿಪರೀತ ಎತ್ತರಕ್ಕೆ ನೆಗೆದಿತ್ತು. ಆತ ಆಸ್ಪತ್ರೆಗೆ ಸೈಕಲ್ ತುಳಿದುಕೊಂಡು ಹೋಗಿದ್ದೇ ಕಾರಣವೆಂದು ತೀರ್ಮಾನವಾಯಿತು. ಮರುವರ್ಷ ಪ್ರಕಟವಾದ ಗೆರೆಗಳಲ್ಲಿ ನನ್ನ ಕಾಯಿಲೆಯದೂ ಇತ್ತು. 1924ರಲ್ಲಿ ಐಂತೋವನ್ನರಿಗೆ ನೊಬೆಲ್ ಬಂತು. ಈಗ ಆ ಕೆಲಸವನ್ನು ನನ್ನ ವಾಚು ಅರ್ಧ ನಿಮಿಷದಲ್ಲಿ ಮುಗಿಸುತ್ತದೆ. ಆದರೆ ದೂರ ಓಡಿ ಬಂದವನಿಗೆ ಉಪ್ಪುನೀರಿನಲ್ಲಿ ಕಾಲಿಟ್ಟು ಕೂರುವುದೇ ವಾಸಿ ಎನಿಸಿದರೆ ತಪ್ಪೇನು?

ಓಟದ ಪಂಥದವರಿಗೆ ಸ್ವೀಡನ್ನಿನಿಂದ ಒಂದು ಕಹಿ ಸುದ್ದಿಯಿದೆ. ಅಲ್ಲಿನ ವಾಸಲೊಪೆಟ್ ಎಂಬುದು 90 ಕಿಲೋಮೀಟರಿನ ಹಿಮಜಾರು ಸ್ಪರ್ಧೆ. ಅದನ್ನು ಮುಗಿಸಿದ 52,755 ಜನರ ಆರೋಗ್ಯವನ್ನು ಗಮನಿಸಿದ ಅಧ್ಯಯನ 2013ರಲ್ಲಿ ಬಂತು. ಹೆಚ್ಚು ಸಲ ಸ್ಪರ್ಧಿಸಿದವರಲ್ಲಿ, ಬೇಗ ಮುಗಿಸಿದವರಲ್ಲಿ ಲಯದ ತೊಂದರೆ ಹೆಚ್ಚು ಕಂಡಿತ್ತು. ವರ್ಷಗಟ್ಟಲೆ ವಿಪರೀತ ದುಡಿದ ಮೇಲಿನ ಕೋಣೆ ಹಿಗ್ಗುವುದೂ ಇದಕ್ಕೊಂದು ಕಾರಣವಂತೆ. ಬೋಂಡದವರು ಬೀಗುವುದು ಬೇಡ: ಅದೇ ಸ್ಪರ್ಧಿಗಳಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ ಕಡಿಮೆ ಎಂದು ಇನ್ನೊಂದು ಅಧ್ಯಯನ ಹೇಳಿತ್ತು.

ನನ್ನ ಡಾಕ್ಟರು ಓಟ ಬಿಡಿಸಲಿಲ್ಲ. ಪಕ್ಕದವರ ಜೊತೆ ಮಾತಾಡುವಷ್ಟು ಉಸಿರು ಉಳಿಯಬೇಕು, ತಲೆ ಸುತ್ತಿದರೆ, ಎದೆ ಹಿಡಿದರೆ ಅಲ್ಲೇ ನಿಲ್ಲಬೇಕು, ಅಷ್ಟೇ. ವೇಗದ ಜಂಬ ಹೋಯಿತು. ಅಜ್ಜಿಯರೂ ನನ್ನನ್ನು ಹಿಂದೆ ಹಾಕುತ್ತಾರೆ, ಹಾಕಲಿ. ನಿಜವಾದ ಭಯ ಬೇರೆಯೇ ಇದೆ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿದರೆ ಅದು ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಅದಕ್ಕೆಂದು ದಿನವೂ ಮಾತ್ರೆ. ಆ ಮಾತ್ರೆ ತಿನ್ನುವವನು ಎಡವಿ ಬಿದ್ದು ತಲೆಗೆ ಪೆಟ್ಟಾದರೆ ರಕ್ತ ಸುಲಭಕ್ಕೆ ನಿಲ್ಲದು. ಹೀಗಾಗಿ ನನಗೆ ಹೃದಯಕ್ಕಿಂತ ಫುಟ್‌ಪಾತಿನ ಮೇಲೇ ಅಪನಂಬಿಕೆ. ಚಪ್ಪಡಿ ಕೂರಿಸುವ ಅಧಿಕಾರ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಅವನ್ನು ಸಮವಾಗಿ ಕೂರಿಸಿ.