ಹಿಟ್ಟು ಯಾರ ಹೊಲದ್ದು?

ಧರ್ಮಕೇಂದ್ರದ ಗುರುವೊಬ್ಬ ಹಿಟ್ಟು ನಾದುತ್ತಾನೆಂದರೆ ನಿಮಗೆ ನಗು ಬರಬಹುದು. 2020ರ ಲಾಕ್‌ಡೌನ್ ದಿನಗಳಲ್ಲಿ ದೇವಾಲಯದ ಬಾಗಿಲು ಮುಚ್ಚಿತ್ತು. ಅಡಿಗೆಯಾತ ತನ್ನ ಊರಿಗೆ ಹೋಗಿದ್ದ. ಆಗ ಗಾಜಿನ ಭರಣಿಯೊಂದರಲ್ಲಿ ಗೋಧಿಹಿಟ್ಟನ್ನೂ ನೀರನ್ನೂ ಕಲಸಿಟ್ಟು, ದಿನವೂ ಅದಕ್ಕೆ ಹೊಸ ಹಿಟ್ಟನ್ನು ಉಣಿಸುತ್ತ ಬಂದೆ. ವಾರ ಕಳೆಯುವಷ್ಟರಲ್ಲಿ ಅದು ಗುಳ್ಳೆಯೆದ್ದು ಉಕ್ಕಿತು. ಅಂಗಡಿಯ ಯೀಸ್ಟ್ ಬಳಸದೆ, ಹೀಗೆ ತಾನಾಗಿ ಹುದುಗಿದ ಹುಳಿಹಿಟ್ಟಿನಿಂದ ಮಾಡುವ ಬ್ರೆಡ್ಡಿಗೆ ಸಾರ್‌ಡೋ ಎನ್ನುತ್ತಾರೆ. ದೋಸೆಯ ಹಿಟ್ಟನ್ನು ರಾತ್ರಿ ಮುಚ್ಚಿಟ್ಟು ಬೆಳಗ್ಗೆ ತೆರೆದು ನೋಡುವ ನಮ್ಮ ತಾಯಂದಿರಿಗೆ ಇದರ ಗುಟ್ಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹುಳಿಹಿಟ್ಟು ಸಿದ್ಧವಾಯಿತು; ಆದರೆ ಬ್ರೆಡ್ಡಿಗೆ ಎಂತಹ ಹಿಟ್ಟನ್ನು ಕೊಳ್ಳಬೇಕು? ತೌಡಿನ ಸಮೇತ ತಿನ್ನುವ ಹಿಟ್ಟು, ಆದ್ದರಿಂದ ಸಾವಯವವೇ ಆಗಿರಲೆಂದು ನಿಶ್ಚಯಿಸಿದೆ. ನಮ್ಮ ಧಾರವಾಡ ಸೀಮೆಯಲ್ಲಿ ಮಾದಲಿಗೂ ಹುಗ್ಗಿಗೂ ಹೆಸರಾದ ಜವೆಗೋಧಿಯ ಹಿಟ್ಟಿನ ಪೊಟ್ಟಣ ಕಣ್ಣಿಗೆ ಬಿತ್ತು. ಅದರ ಮೇಲಿದ್ದ ಪ್ರೋಟೀನಿನ ಅಂಕಿ ಮೈದಾಹಿಟ್ಟಿನದಕ್ಕಿಂತ ಹೆಚ್ಚಾಗಿತ್ತು. ಪ್ರೋಟೀನು ಹೆಚ್ಚಿದ್ದಷ್ಟೂ ಬ್ರೆಡ್ ಉಬ್ಬುತ್ತದೆಂದು ಓದಿದ್ದ ನಾನು ಹಿಗ್ಗಿದೆ. 500 ಗ್ರಾಂ ಹಿಟ್ಟು, 350 ಗ್ರಾಂ ನೀರು, 100 ಗ್ರಾಂ ಹುಳಿಹಿಟ್ಟು, 10 ಗ್ರಾಂ ಉಪ್ಪು – ಎಲ್ಲವನ್ನೂ ತೂಗಿ ಮಾಡಿದ ಆ ಬ್ರೆಡ್ ಹೆಂಚಿನಂತೆ ಚಪ್ಪಟೆಯಾಗಿ ಹೊರಬಂತು.

ಜವೆಗೋಧಿಯಲ್ಲಿ ಪ್ರೋಟೀನು ಹೇರಳವಾಗಿದೆ. ಆದರೆ ಹುದುಗುವಾಗ ಏಳುವ ಗಾಳಿಯನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಅದರಲ್ಲಿ ದುರ್ಬಲ. ಪೊಟ್ಟಣದ ಅಂಕಿ ಎಷ್ಟಿದೆಯೆಂದು ತಿಳಿಸುತ್ತದೆ, ಎಂಥದ್ದಿದೆಯೆಂದು ತಿಳಿಸುವುದಿಲ್ಲ. ಇದನ್ನು ನೀವೂ ಮನೆಯಲ್ಲಿ ಪರೀಕ್ಷಿಸಬಹುದು. ಒಂದು ಹಿಡಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ, ಅರ್ಧ ಗಂಟೆ ನೀರಿನಲ್ಲಿ ನೆನೆಸಿಡಿ. ಬಳಿಕ ಬೆರಳಿನಿಂದ ಮೆಲ್ಲನೆ ಹಿಸುಕುತ್ತ ತೊಳೆಯಿರಿ. ಪಿಷ್ಟವೆಲ್ಲ ಹಾಲಿನಂತೆ ಹರಿದುಹೋಗಿ, ಉಳಿಯುವ ಮುದ್ದೆ ರಬ್ಬರಿನಂತೆ ಹಿಗ್ಗಿದರೆ ಆ ಹಿಟ್ಟು ಬ್ರೆಡ್ಡಿಗೆ ಆಗಿಬರುತ್ತದೆ. ಚಪಾತಿ ಮಾಡುವ ಸಾಮಾನ್ಯ ಗೋಧಿ ಇದಕ್ಕೆ ಒಗ್ಗುತ್ತದೆ. ಗಿರಣಿಯ ಹಿಟ್ಟು ನೀರನ್ನು ಹೆಚ್ಚು ಕುಡಿಯುತ್ತದೆ, ಬೇಗ ಹುಳಿಯುತ್ತದೆ. ದಪ್ಪ ತೌಡನ್ನು ಜರಡಿ ಹಿಡಿದರೆ ಬ್ರೆಡ್ ಇನ್ನಷ್ಟು ಹಗುರಾಗುತ್ತದೆ.

ಇನ್ನು ಸಾವಯವವೆಂಬ ಮಾತು. 'ಶುದ್ಧ', 'ನೈಸರ್ಗಿಕ' ಎಂಬ ಪದಗಳಿದ್ದ ಮಾತ್ರಕ್ಕೆ ಹಿಟ್ಟು ಸಾವಯವವೆಂದು ಹೇಳಲಾಗದು. ಆದ್ದರಿಂದ ಪ್ರಮಾಣಪತ್ರ ನೀಡಿದ ಸಂಸ್ಥೆಯ ಹೆಸರನ್ನೂ ಹಿಟ್ಟು ಬೀಸಿದ ದಿನಾಂಕವನ್ನೂ ಹುಡುಕಿ ಓದುವುದು ನನ್ನ ರೂಢಿಯಾಯಿತು. ಆ ರೂಢಿಯೇ ನನ್ನನ್ನು ಒಂದು ತಪ್ಪಿಗೆ ನೂಕಿತು.

ಮೂರು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಭಾನುವಾರ, ಬಲಿಪೂಜೆ ಮುಗಿಸಿ ಗುರುನಿವಾಸಕ್ಕೆ ಬಂದಾಗ ಪಕ್ಕದ ಹಳ್ಳಿಯ ರೈತರೊಬ್ಬರು ಎರಡು ಚೀಲ ಗೋಧಿಯೊಡನೆ ಜಗಲಿಯಲ್ಲಿ ಕುಳಿತಿದ್ದರು. ನಾನು ಸಾವಯವ ಗೋಧಿ ಕೊಳ್ಳುತ್ತೇನೆಂದು ಯಾರೋ ಅವರಿಗೆ ಹೇಳಿದ್ದರಂತೆ. "ಸರ್ಟಿಫಿಕೇಟ್ ಇದೆಯೇ?" ಎಂದೆ.

"ಇನ್ನೂ ಬಂದಿಲ್ಲರೀ ಫಾದರ್. ಸರಕಾರಿ ಗೊಬ್ಬರ ಬಿಟ್ಟು ಇದು ಎರಡನೇ ಪೀಕು. ಪ್ಯಾಟಿ ರೇಟಿಗಿಂತ ಕಿಲೋಕ್ಕ ಹತ್ತು ರೂಪಾಯಿ ಜಾಸ್ತಿ ಕೊಡ್ರಿ, ಸಾಕು."

ಪತ್ರವಿಲ್ಲದಿದ್ದರೆ ಪೇಟೆಯ ದರಕ್ಕೇ ಕೊಡಬೇಕೆಂದೆ. ಅವರು ವಾದಿಸಲಿಲ್ಲ, ಕೈಮುಗಿದು ಚೀಲಗಳನ್ನು ಗಾಡಿಗೆ ಏರಿಸಿಕೊಂಡು ಹೊರಟರು. ಮರುದಿನ ನಾನು ನಗರದ ಅಂಗಡಿಯಲ್ಲಿ ಅದರ ಎರಡರಷ್ಟು ಬೆಲೆ ತೆತ್ತು ಹೊಳೆಯುವ ಪೊಟ್ಟಣವೊಂದನ್ನು ತಂದೆ. ಹಿಂದಿನ ಬೆಳಗ್ಗೆ ನಾನು ಪ್ರಬೋಧನೆ ನೀಡಿದ್ದು ರೈತರ ಸಂಕಷ್ಟದ ಬಗ್ಗೆ!

ಕೆಲವು ವಾರಗಳ ಬಳಿಕ ಪ್ರಮಾಣಪತ್ರದ ನಿಯಮಗಳನ್ನು ಓದಿದಾಗ ಸಂಗತಿ ತಿಳಿಯಿತು. ಗೋಧಿಯಂತಹ ವಾರ್ಷಿಕ ಬೆಳೆಗೆ ಸಾವಯವವೆಂಬ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಎರಡು ವರ್ಷಗಳ ಪರಿವರ್ತನೆಯ ಅವಧಿಯನ್ನು ದಾಟಬೇಕು. ಆ ಎರಡು ವರ್ಷ ರೈತ ರಾಸಾಯನಿಕವನ್ನು ಮುಟ್ಟುವಂತಿಲ್ಲ. ಇಳುವರಿ ಕುಸಿಯಬಹುದು, ಕಳೆ ಕೀಳುವ ಕೂಲಿ ಏರಬಹುದು. ಆದರೂ ಸಾವಯವವೆಂದು ಹೆಚ್ಚಿನ ಬೆಲೆ ಕೇಳುವ ಹಕ್ಕು ಅವನಿಗಿರುವುದಿಲ್ಲ. ಆಸರೆ ಅತ್ಯಗತ್ಯವಾದ ಆ ಅವಧಿಯಲ್ಲೇ ನಾನು ಆತನನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದ್ದೆ. ವಿಚಾರಿಸಿಕೊಂಡು ಅವರ ಮನೆಗೆ ಹೋದೆ. ಗೋಧಿಯೆಲ್ಲ ಪೇಟೆಯ ದರಕ್ಕೆ ಮಾರಾಟವಾಗಿತ್ತು. ನನ್ನ ಕ್ಷಮಾಯಾಚನೆಗೆ ಅವರು ಕೊಟ್ಟ ಉತ್ತರ ಒಂದು ಲೋಟ ಚಹಾ.

ಮರುವರ್ಷದಿಂದ ಅವರ ಹೊಲದ ಗೋಧಿಯನ್ನೇ 50 ಕಿಲೋ ಕೊಳ್ಳುತ್ತಿದ್ದೇನೆ. ಬೆಳೆ ನಿಂತಿರುವಾಗಲೇ ಹೋಗಿ ನೋಡುತ್ತೇನೆ. ಏನು ಗೊಬ್ಬರ ಹಾಕಿದಿರಿ, ಪಕ್ಕದ ಹೊಲದ ಔಷಧಿ ಇತ್ತ ಬೀಳದಂತೆ ಏನು ಮಾಡಿದಿರಿ, ಕಾಳಿಗೆ ಹುಳು ಬೀಳದಂತೆ ಹೇಗೆ ಕಾಪಾಡುತ್ತೀರಿ ಎಂದು ಕೇಳುತ್ತೇನೆ. ಕೇಳಿದ್ದಕ್ಕೆ ಅವರು ಬೇಸರಪಟ್ಟುಕೊಂಡಿಲ್ಲ. ತೌಡು ಸಹಿತವಾದ ಹಿಟ್ಟು ಬೇಗ ಕಮಟುವುದರಿಂದ, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಗಿರಣಿಯಲ್ಲಿ ಬೀಸಿಸುತ್ತೇನೆ.

ಪ್ರಮಾಣಪತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಹೊಲವನ್ನು ಕಾಣಲಾಗದಷ್ಟು ದೂರವಿರುವವರಿಗೆ ಅದೇ ಆಧಾರ. ಆದರೆ ಬೆಳೆದವನೇ ಬಾಗಿಲಿಗೆ ಬಂದು ನಿಂತಾಗ, ಹೊಲ ಒಂದು ಗಂಟೆಯ ನಡಿಗೆಯಷ್ಟು ಹತ್ತಿರವಿರುವಾಗ, ಕಾಗದವನ್ನಷ್ಟೇ ಕೇಳಿ ಸುಮ್ಮನಾಗುವುದು ಸೋಮಾರಿತನ.

ಮೂರು ಅಳತೆ ಹಿಟ್ಟಿನಲ್ಲಿ ಹುಳಿಯನ್ನು ಬೆರೆಸಿದ ಸ್ತ್ರೀಯ ಸಾಮತಿಯ ಕುರಿತು ಗುರುಮಠದಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಹುಳಿಯ ಅರ್ಥವೇನು, ಅಳತೆಯ ಅರ್ಥವೇನು ಎಂದೆಲ್ಲ ವಿವರಿಸಿದ್ದೇನೆ. ಆ ಹಿಟ್ಟು ಯಾರ ಹೊಲದ್ದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮುಂದಿನ ಸಲ ನೀವು ಹಿಟ್ಟು ಕೊಳ್ಳಲು ಹೊರಟಾಗ, ನಿಮ್ಮೂರಿನ ಆಸುಪಾಸಿನಲ್ಲಿ ಅಂತಹ ಎರಡನೇ ಪೀಕಿನ ರೈತರು ಯಾರಾದರೂ ಇದ್ದಾರೆಯೇ ಎಂದು ದಯವಿಟ್ಟು ವಿಚಾರಿಸಿ.