ಅಪ್ಪ ನೋಡಿದ ಗ್ರಹಣ

ಪಿಯುಸಿ ಆದ್ಮೇಲೆ ಬಿಎಸ್ಸಿ ಫಿಸಿಕ್ಸ್ ಓದ್ತೀನಿ ಅಂದಿದ್ದೆ. ಅಪ್ಪ ಒಪ್ಪಲಿಲ್ಲ. ಎರಡು ಎಮ್ಮೆ ಮಾರಿ, ಸಾಲ ತೆಗೆದು ಬಿಇಗೆ ಸೇರಿಸಿದರು. ಅವರ ಲೆಕ್ಕವೇನೂ ತಪ್ಪಲಿಲ್ಲ, ಇವತ್ತು ಮನೆ ನಡೀತಿರೋದೇ ಅದರಿಂದ. ಆದರೂ ಒಂದು ಸಿಟ್ಟು ಒಳಗೇ ಉಳಿದಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಈಗ ಶನಿವಾರ ರಾತ್ರಿ ಹೆಂಡತಿ, ಮಗಳು ಮಲಗಿದ ಮೇಲೆ ನಾಸಾದ 'ಚಂದ್ರ' ಎಕ್ಸ್-ರೇ ದೂರದರ್ಶಕದ ಡೇಟಾ ಇಳಿಸಿಕೊಂಡು ಕೂರ್ತೀನಿ. (ಇದು ಚಂದಮಾಮ ಅಲ್ಲ, ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರ.) ಭೂಮಿಯ ಗಾಳಿ ಆಕಾಶದ ಎಕ್ಸ್-ರೇಯನ್ನು ಕೆಳಕ್ಕೆ ಬಿಡೋದಿಲ್ಲ, ಅದಕ್ಕೇ 1999ರಲ್ಲಿ ಅದನ್ನು ಮೇಲಕ್ಕೆ ಹಾರಿಸಿದ್ದು. ವಿಜ್ಞಾನಿಗಳ ಪಾಲಿನ ಗಡುವು ಮುಗಿದ ಮೇಲೆ ಡೇಟಾ ಯಾರು ಬೇಕಾದರೂ ಪುಕ್ಕಟೆ ತಗೋಬಹುದು. ನನ್ನಂಥವನೂ.

ನಾನು ನೋಡೋದು ಎಂ33 ಅನ್ನೋ ಸುರುಳಿ ಗೆಲಾಕ್ಸಿ. ದೂರ ಸುಮಾರು 27 ಲಕ್ಷ ಜ್ಯೋತಿರ್ವರ್ಷ. ಆಕಾಶದ ಲೆಕ್ಕದಲ್ಲಿ ಪಕ್ಕದೂರು. ಫೋಟೋದಲ್ಲಿ ಕಾಣೋ ಸುರುಳಿ ಎಕ್ಸ್-ರೇಯಲ್ಲಿ ಹೆಚ್ಚುಕಮ್ಮಿ ಮಾಯ, ಎದ್ದು ಕಾಣೋದು ಚುಕ್ಕಿಗಳು. ಅದರಲ್ಲೂ ಎಷ್ಟೋ ಚುಕ್ಕಿ ಆ ಗೆಲಾಕ್ಸಿಯವೇ ಅಲ್ಲ, ತೀರಾ ಹಿಂದಿರೋ ಬೇರೆಯವು. ಜಾತ್ರೆ ಫೋಟೋದಲ್ಲಿ ನಮ್ಮ ಹಿಂದೆ ಯಾರ್ಯಾರದೋ ಮುಖ ಬಂದಿರುತ್ತಲ್ಲ, ಹಾಗೆ. ಕೈಗೆ ಸಿಗೋ ಡೇಟಾ ಚಿತ್ರ ಅಲ್ಲ, ಒಂದು ಪಟ್ಟಿ: ಒಂದೊಂದು ಫೋಟಾನ್ ಯಾವಾಗ, ಎಲ್ಲಿ, ಎಷ್ಟು ಶಕ್ತಿ ಹೊತ್ತು ಬಂತು ಅಂತ. ಮಂಕು ಚುಕ್ಕಿಯಾದರೆ ಗಂಟೆಗಟ್ಟಲೆ ಕಾದರೂ ಹತ್ತೋ ಹನ್ನೆರಡೋ. ಆಫೀಸಲ್ಲಿ ಲಕ್ಷಾಂತರ ಸಾಲಿನ ಲಾಗ್ ಜಾಲಾಡೋ ನಾನು ಹನ್ನೆರಡು ಸಾಲನ್ನು ಇಷ್ಟು ಜತನದಿಂದ ಓದಿದ್ದು ಇದೇ ಮೊದಲು.

ನನಗೆ ಇಷ್ಟದ ಚುಕ್ಕಿ ಎಕ್ಸ್-7. ಅಲ್ಲಿ ಒಂದು ಕಪ್ಪುರಂಧ್ರ, ಒಂದು ಭಾರಿ ನಕ್ಷತ್ರ 3.45 ದಿನಕ್ಕೊಂದು ಸುತ್ತು ಹಾಕ್ತವೆ. ನಕ್ಷತ್ರದ ಅನಿಲ ಕಪ್ಪುರಂಧ್ರದತ್ತ ಬೀಳುವಾಗ ಕಾದು ಎಕ್ಸ್-ರೇ ಸೂಸುತ್ತೆ. ಪ್ರತಿ ಸುತ್ತಿಗೂ ನಕ್ಷತ್ರ ಅಡ್ಡ ಬಂದು ಸುಮಾರು ಅರ್ಧ ದಿನ ಗ್ರಹಣ. ಗ್ರಹಣ ಇರೋದರಿಂದಲೇ ಕಕ್ಷೆ ಎಷ್ಟು ವಾಲಿದೆ ಅಂತ ತಿಳಿದು, ತೂಕ ಹಾಕೋಕೆ ಆಗೋದು. 2007ರಲ್ಲಿ ಕಪ್ಪುರಂಧ್ರ ಸೂರ್ಯನ 15.65ರಷ್ಟು ಅಂದಿದ್ದರು, 2022ರಲ್ಲಿ ಜೊತೆಗಿರೋ ನಕ್ಷತ್ರವನ್ನು ಮತ್ತೆ ಅಳೆದು ಸುಮಾರು 11ಕ್ಕೆ ಇಳಿಸಿದರು.

ಹೋದ ತಿಂಗಳು ಅಪ್ಪ ಕಣ್ಣಿನ ಪೊರೆ ತೆಗೆಸೋಕೆ ಬಂದಿದ್ದರು. ರಾತ್ರಿ ಎರಡಕ್ಕೆ ಎದ್ದು ಬಂದು ಪಕ್ಕ ಕೂತರು. ತ್ರೀ-ಫೇಸ್ ಕರೆಂಟ್ ಬರೋ ಹೊತ್ತಿಗೆದ್ದು ತೋಟಕ್ಕೆ ನೀರು ಬಿಟ್ಟವರಿಗೆ ಆ ಹೊತ್ತಲ್ಲಿ ನಿದ್ದೆ ಎಲ್ಲಿ ಬರಬೇಕು?

"ಅದೇನ್ಲಾ, ಸಾಲು ದಬಕ್ ಅಂತ ಕೆಳಕ್ಕೆ ಬಿದ್ದೈತೆ?"

"ದೊಡ್ಡ ನಕ್ಷತ್ರ ಅಡ್ಡ ಬಂದೈತೆ ಕಣಪ್ಪ."

"ವಾಪಸ್ ಬತ್ತದಾ?"

"ಹೂಂ, ಅರ್ಧ ದಿನಕ್ಕೆ. ಮೂರೂವರೆ ದಿನಕ್ಕೊಂದ್ಸಲ ಹಿಂಗೇ."

"ನಮ್ ಕರೆಂಟಿಗಿಂತ ವಾಸಿ ಬುಡು." ಸ್ವಲ್ಪ ಹೊತ್ತು ಬಿಟ್ಟು, "ಇದಕ್ಕೆ ದುಡ್ಡು ಕೊಡ್ತಾರಾ?" ಅಂದರು.

"ಇಲ್ಲ."

ಸುಮ್ಮನಾದರು. ಆಮೇಲೆ, "ಆವತ್ತು ಓದ್ತೀನಿ ಅಂದಿದ್ದು ಇದೇನಾ?"

ಹೂಂ ಅಂದೆ. ಅಪ್ಪ ಕುರ್ಚಿ ಹತ್ತಿರಕ್ಕೆ ಎಳಕೊಂಡರು. "ಎಲ್ಲಿ, ಬಿದ್ದಿದ್ದು ಮ್ಯಾಕ್ಕೆ ಏಳೋದು ತೋರ್ಸು."

ಆ ಫೈಲು ಅಲ್ಲಿಗೇ ಮುಗಿದಿತ್ತು. ಬೇರೊಂದು ಹುಡುಕಿ ಇಳಿಸೋಕೆ ಹಾಕಿದೆ. ಇಳಿಯೋವರೆಗೂ ಅಪ್ಪ ಎದ್ದು ಹೋಗಲಿಲ್ಲ.